ಲೀನಾಗೆ ಅನ್ಯಾಯ ಆಯ್ತಾ? ‘ಸಿಂಗಿಂಗ್ ಇನ್ ದ ರೇನ್’ ನೋಡಿದವರು ಹೇಳಿ

ಅಡ್ಲಿಮನೆ ಹುಡುಗಿ (ಹಾಸನ)

ಮೂರು ದಿನದಿಂದ ಹಾಸನದಲ್ಲಿ ಬಿಸಿಲು ಕಂಡಿಲ್ಲ. ಶನಿವಾರ ಸಂಜೆ ಕರೆಂಟ್ ಬೇರೆ ಹೋಯಿತು. ಟಿವಿ ಇಲ್ಲ, ಅಜ್ಜಿಯ ಧಾರಾವಾಹಿ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇತ್ತು, ಯಾವಾಗಲೋ ಹಾಕಿಟ್ಟಿದ್ದ ‘ಸಿಂಗಿಂಗ್ ಇನ್ ದ ರೇನ್’ ಇತ್ತು. 1952ರ ಸಿನಿಮಾ. ಹೊರಗೂ ಮಳೆ, ಒಳಗೂ ಮಳೆ ಅಂತ ಹಾಕಿದೆ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಅಲ್ಲಲ್ಲಿ ಹೇಳುತ್ತಾ ಹೋದೆ.

ನೋಡದವರಿಗೆ ಕತೆ ಇಷ್ಟು. ಕಾಲ 1927. ಡಾನ್ ಮತ್ತು ಲೀನಾ ಹಾಲಿವುಡ್‌ನ ಮೂಕಿ ಚಿತ್ರಗಳ ಜನಪ್ರಿಯ ಜೋಡಿ. ಪತ್ರಿಕೆಗಳ ಪ್ರಕಾರ ಇಬ್ಬರಿಗೂ ಪ್ರೇಮ. ನಿಜ ಹೇಳಬೇಕೆಂದರೆ ಡಾನ್‌ಗೆ ಅವಳನ್ನು ಕಂಡರೆ ಆಗುವುದಿಲ್ಲ. ಅಷ್ಟರಲ್ಲಿ ಮಾತಿನ ಚಿತ್ರಗಳು ಬರುತ್ತವೆ. ಲೀನಾ ನೋಡಲು ರಾಣಿ, ಬಾಯಿ ಬಿಟ್ಟರೆ ಎಣ್ಣೆ ಕಾಣದ ಬಾವಿ ರಾಟೆ. ಹಾಗಾಗಿ ಕ್ಯಾಥಿ ಅನ್ನೋ ಹೊಸ ಹುಡುಗಿ ಅವಳಿಗೆ ಕಂಠದಾನ ಮಾಡುತ್ತಾಳೆ. ಡಾನ್‌ಗೆ ಕ್ಯಾಥಿ ಮೇಲೆ ಪ್ರೀತಿ. ಕೊನೆಗೆ ಲೀನಾ ವೇದಿಕೆ ಮೇಲೆ ಸುಮ್ನೆ ಬಾಯಿ ಆಡಿಸುತ್ತಾಳೆ, ಕ್ಯಾಥಿ ಪರದೆ ಹಿಂದೆ ಹಾಡುತ್ತಾಳೆ. ಆಗ ಪರದೆ ಎಳೆದುಬಿಡುತ್ತಾರೆ.

ಮೈಕ್ ದೃಶ್ಯಕ್ಕೆ ಅಜ್ಜಿ ನಕ್ಕು ನಕ್ಕು ಕೆಮ್ಮು ಬಂತು. ಮೈಕನ್ನು ಗಿಡದೊಳಗೆ ಬಚ್ಚಿಟ್ಟಿರುತ್ತಾರೆ. ಲೀನಾ ಮುಖ ಆ ಕಡೆ ತಿರುಗಿಸಿದರೆ ಮಾತು ಮಾಯ, ಈ ಕಡೆ ತಿರುಗಿಸಿದರೆ ಹಾಜರ್. ಸರಿ ಅಂತ ಅವಳ ಎದೆ ಹತ್ತಿರ ಹೊಲಿದರೆ ಎದೆ ಬಡಿತ ಡಬ್ ಡಬ್ ಅಂತ ಕೇಳುತ್ತದೆ. ಇದಕ್ಕೆ ಯಾವ ಭಾಷೆಯೂ ಬೇಡ.

ಆದರೆ ಪರದೆ ಎಳೆದಾಗ ಅಜ್ಜಿ ನಗಲಿಲ್ಲ. “ಪಾಪ ಕಣ್ ಮಗ. ಅಷ್ಟು ಜನದ ಎದುರಿಗೆ ಹಂಗ್ ಮಾಡಬಾರದಿತ್ತು. ಗಂಟಲೇನು ಅವಳು ಅಂಗಡೀಲಿ ಆರಿಸಿ ತಂದಿದ್ದಾ?” ಅಂದಳು.

ಅವತ್ತಿಂದ ಇದೇ ತಲೆಯಲ್ಲಿ ಕೂತಿದೆ. ಲೀನಾಗೆ ಅನ್ಯಾಯ ಆಯ್ತಾ?

ಬಿಎಂ ರೋಡ್ ಬಸವ (ಹಾಸನ)

ಕ್ಲೈಮ್ಯಾಕ್ಸೇ ಹೇಳಿಬಿಟ್ಟಿರಲ್ಲ ಮೇಡಂ! ನಾನಿನ್ನೂ ನೋಡಿಲ್ಲ.

ಅಡ್ಲಿಮನೆ ಹುಡುಗಿ

ಸಿನಿಮಾಗೆ ಎಪ್ಪತ್ತು ದಾಟಿದೆ ಗುರು. ಪಿಂಚಣಿ ತಗೊಳ್ಳೋ ವಯಸ್ಸು. ಇನ್ನೂ ಗುಟ್ಟು ಕಾಯಬೇಕಾ?

ಮೂಡಿಗೆರೆ ಮಳೆಹುಳು

ಅನ್ಯಾಯ ಎಲ್ಲಿಂದ ಬಂತು ಮಾರಾಯ್ರೇ? ಲೀನಾ ಮಾಡಿದ ಕೆಲಸಗಳನ್ನು ಮರೆತಿರಾ? ಕ್ಯಾಥಿ ಎಸೆದ ಕೇಕು ಆಕಸ್ಮಾತ್ತಾಗಿ ತನ್ನ ಮುಖಕ್ಕೆ ಬಿತ್ತು ಅಂತ ಆ ಹುಡುಗಿಯ ಕೆಲಸ ಕಳೆದಳು. ಆಮೇಲೆ ಕಾಂಟ್ರಾಕ್ಟ್ ತೋರಿಸಿ ಸ್ಟುಡಿಯೋ ಮಾಲೀಕನನ್ನೇ ಹೆದರಿಸಿದಳು. ಕ್ಯಾಥಿ ಇನ್ನು ಮುಂದೆ ನಟಿಸುವ ಹಾಗಿಲ್ಲ, ಪರದೆ ಹಿಂದೆ ನಿಂತು ನನಗೆ ದನಿ ಕೊಟ್ಟುಕೊಂಡು ಬಿದ್ದಿರಬೇಕು ಅಂದಳು. ಶಿಕ್ಷೆ ಆಗಿದ್ದು ಗಂಟಲಿಗಲ್ಲ, ಬುದ್ಧಿಗೆ.

ಇನ್ನೊಂದು. ಈ ಸಿನಿಮಾ ಲೀನಾ ಒಬ್ಬಳನ್ನೇ ಗೇಲಿ ಮಾಡುವುದಿಲ್ಲ. ಶುರುವಿನ ದೃಶ್ಯ ನೋಡಿ. ಡಾನ್ ರೇಡಿಯೋದವಳ ಮುಂದೆ ನಿಂತು ತನ್ನ ಬಾಲ್ಯ, ಸಂಗೀತ ಶಾಲೆ, ಘನತೆ ಅಂತ ಬಿಡುತ್ತಾನೆ. ಪರದೆ ಮೇಲೆ ಕಾಣುವುದು ಬೇರೆಯೇ. ಕಂಡಕಂಡ ಬಾರ್‌ಗಳಲ್ಲಿ ಕುಣಿದಿದ್ದು, ಸ್ಟಂಟ್ ಮಾಡಿ ಬಿದ್ದು ಎದ್ದಿದ್ದು. ನಾಯಕನಟರ ಸಂದರ್ಶನ ಓದುವಾಗೆಲ್ಲ ನನಗೆ ಈ ದೃಶ್ಯ ನೆನಪಾಗುತ್ತದೆ. ಯಾರು ಅಂತ ಕೇಳಬೇಡಿ.

ರೀಲು ಡಬ್ಬ (ಹಾಸನ)

ನಾನು ಹಾಸನದ ಒಂದು ಥಿಯೇಟರ್‌ನಲ್ಲಿ 22 ವರ್ಷ ಆಪರೇಟರ್ ಆಗಿದ್ದೆ. ಹೆಸರು ಬೇಡ, ಈಗ ಅಲ್ಲಿ ಕಲ್ಯಾಣ ಮಂಟಪ ಇದೆ. ಎಲ್ಲರಿಗೂ ಮೈಕ್ ದೃಶ್ಯಕ್ಕೆ ನಗು. ನನಗೆ ಅದರ ಮುಂದಿನದು. ಸಿನಿಮಾವನ್ನು ಮೊದಲ ಸಲ ಜನಕ್ಕೆ ತೋರಿಸುವಾಗ ಮಾತು ಮತ್ತು ಚಿತ್ರ ಹಿಂದೆಮುಂದೆ ಆಗಿಬಿಡುತ್ತದಲ್ಲ, ಹೆಂಗಸು ತಲೆ ಆಡಿಸಿದಾಗ ಗಂಡಸಿನ ಧ್ವನಿ. ಜನ ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಬೆವರು ಬಂತು.

ಯಾಕೆ ಅಂತ ಹೇಳುತ್ತೇನೆ. ಆಗಿನ ಕಾಲದ ಎಷ್ಟೋ ಸಿನಿಮಾಗಳಲ್ಲಿ ಧ್ವನಿ ಫಿಲ್ಮ್ ಮೇಲೆ ಇರುತ್ತಿರಲಿಲ್ಲ, ಬೇರೆ ಗ್ರಾಮಫೋನ್ ತಟ್ಟೆಯಲ್ಲಿ ಇರುತ್ತಿತ್ತು. 16 ಇಂಚಿನ ದೊಡ್ಡ ತಟ್ಟೆ. ಒಂದು ರೀಲು ಸಾವಿರ ಅಡಿ, ಓಡುವುದು 11 ನಿಮಿಷ. ಅಷ್ಟಕ್ಕೆ ಒಂದು ತಟ್ಟೆ. ಗುರುತು ಹಾಕಿದ ಕಡೆ ಮುಳ್ಳು ಇಟ್ಟು ಎರಡನ್ನೂ ಒಟ್ಟಿಗೆ ಬಿಡಬೇಕು. ಮುಳ್ಳು ಒಂದು ಗೆರೆ ಹಾರಿತೋ, ಮುಗೀತು ಕತೆ. ಫಿಲ್ಮ್ ಹರಿದು ಎರಡು ಫ್ರೇಮ್ ಕತ್ತರಿಸಿ ಅಂಟಿಸಿದರೆ ಅಷ್ಟೇ ಉದ್ದದ ಖಾಲಿ ಫಿಲ್ಮ್ ಸೇರಿಸಬೇಕಿತ್ತು. ಇಲ್ಲದಿದ್ದರೆ ರೀಲು ಮುಗಿಯುವವರೆಗೂ ಬಾಯಿ ಒಂದು ಕಡೆ, ಮಾತು ಒಂದು ಕಡೆ.

ನಮ್ಮ ಕಾಲಕ್ಕೆ ಧ್ವನಿ ಫಿಲ್ಮ್ ಅಂಚಿನಲ್ಲೇ ಬರುತ್ತಿತ್ತು. ಆದರೂ ತಪ್ಪುತ್ತಿತ್ತು. ಬೆಳಕು ಬೀಳುವ ಗೇಟು ಮೇಲೆ, ಧ್ವನಿ ಓದುವ ಜಾಗ ಕೆಳಗೆ. ಹಾಗಾಗಿ ಒಂದು ಚಿತ್ರದ ಧ್ವನಿಯನ್ನು ಸುಮಾರು 20 ಫ್ರೇಮ್ ಮುಂಚೆಯೇ ಅಚ್ಚು ಹಾಕಿರುತ್ತಾರೆ. ಇವೆರಡರ ನಡುವೆ ನಾವು ಫಿಲ್ಮನ್ನು ಸಡಿಲವಾಗಿ ಬಾಗಿಸಿ ಒಂದು ಲೂಪ್ ಬಿಡಬೇಕು. ಅಳತೆ ಎಲ್ಲ ಕೈಯಲ್ಲೇ. ಲೂಪ್ ಜಾಸ್ತಿ ಆದರೆ ನಾಯಕ ಬಾಯಿ ಮುಚ್ಚಿದ ಮೇಲೆ ಮಾತು ಬರುತ್ತದೆ. ಸೆಕೆಂಡಿಗೆ 24 ಫ್ರೇಮ್. ನಾಲ್ಕು ಫ್ರೇಮ್ ತಪ್ಪಿದರೆ ಗಾಂಧಿ ಕ್ಲಾಸಿನವನಿಗೂ ಗೊತ್ತಾಗುತ್ತದೆ.

ಒಂದು ಹಬ್ಬದ ದಿನ, ಹೌಸ್‌ಫುಲ್. ನನಗೆ ಜ್ವರ. ಎರಡನೇ ರೀಲಿನಲ್ಲಿ ಲೂಪ್ ತಪ್ಪಿದೆ. ನಾಯಕ ಖಳನಾಯಕನ ಕೆನ್ನೆಗೆ ಹೊಡೆದು ಕೈ ಕೆಳಗೆ ಇಳಿಸಿದ ಮೇಲೆ ‘ಛಟೀರ್’. ಒಂದು ಕ್ಷಣ ಇಡೀ ಥಿಯೇಟರ್ ಗಪ್‌ಚುಪ್. ಆಮೇಲೆ ಸಿಳ್ಳೆ, ಕುರ್ಚಿ ಕುಟ್ಟುವುದು, “ಏಯ್ ಆಪರೇಟ್ರೇ, ನಿದ್ದೆ ಹೊಡೀತಿದ್ದೀಯೇನೋ?” ಜನ ನಕ್ಕಿದ್ದು ನಾಯಕನಿಗೆ, ಬೈದಿದ್ದು ನನಗೆ. ಲೀನಾಗೆ ಏನಾಗಿರಬೇಕು ಅಂತ ಆವತ್ತಿನ ಮಟ್ಟಿಗೆ ನನಗೆ ಗೊತ್ತು.

ಬಿಎಂ ರೋಡ್ ಬಸವ

ಅಣ್ಣಾ, ಆ ಹಬ್ಬದ ದಿನ ಕುರ್ಚಿ ಕುಟ್ಟಿದವರಲ್ಲಿ ನಾನೂ ಇದ್ದಿರಬಹುದು. ಯಾವ ಸಿನಿಮಾ?

ರೀಲು ಡಬ್ಬ

ಹೇಳಲ್ಲ. ನಾಯಕನ ಅಭಿಮಾನಿಗಳು ಈಗಲೂ ಇದ್ದಾರೆ.

ಕಡತದ ಧೂಳು (ಚಿಕ್ಕಮಗಳೂರು)

ಇದೆಲ್ಲ ಬರೀ ಕಟ್ಟುಕತೆ ಅಂದುಕೊಳ್ಳಬೇಡಿ. ನಮ್ಮಲ್ಲೂ ಆಗಿದೆ. ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ 1931ರ ಮಾರ್ಚ್ 14ರಂದು ಮುಂಬೈಯಲ್ಲಿ ಬಿಡುಗಡೆ ಆಯಿತು. ಸ್ಟುಡಿಯೋ ಪಕ್ಕದಲ್ಲೇ ರೈಲು ಹಳಿ. ಹಗಲೆಲ್ಲ ರೈಲಿನ ಸದ್ದು. ಅದಕ್ಕೆ ಹೆಚ್ಚಿನ ಚಿತ್ರೀಕರಣ ರಾತ್ರಿ, ರೈಲು ನಿಂತ ಮೇಲೆ. ಮೈಕನ್ನು ನಟರ ಹತ್ತಿರ ಕಾಣದ ಹಾಗೆ ಬಚ್ಚಿಡುತ್ತಿದ್ದರು. ಸಾಕ್ಷಾತ್ ಆ ಗಿಡದ ದೃಶ್ಯವೇ.

ನಮ್ಮ ಕಡೆಯ ಲೀನಾ ಯಾರು ಅಂತ ಕೇಳಿ. ರೂಬಿ ಮೇಯರ್ಸ್. ತೆರೆಯ ಮೇಲಿನ ಹೆಸರು ಸುಲೋಚನಾ. ಮೂಕಿ ಕಾಲದ ದೊಡ್ಡ ತಾರೆ, ಮುಂಬೈ ಗವರ್ನರ್‌ಗಿಂತ ಜಾಸ್ತಿ ಸಂಬಳ ಅಂತ ಜನ ಮಾತಾಡಿಕೊಳ್ಳುತ್ತಿದ್ದರು. ಬಾಗ್ದಾದಿ ಯಹೂದಿ ಮನೆತನದವರು, ಹಿಂದೂಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಟಾಕಿ ಬಂದ ಕೂಡಲೇ ಪಾತ್ರಗಳು ಕೈತಪ್ಪಿದವು. ತಮಾಷೆ ಏನು ಗೊತ್ತಾ? ಸಿನಿಮಾಗೆ ಬರುವ ಮುಂಚೆ ಅವರು ಟೆಲಿಫೋನ್ ಆಪರೇಟರ್ ಆಗಿದ್ದರು. ಬರೀ ಮಾತಿನ ಕೆಲಸ!

ಆದರೆ ಆಯಮ್ಮ ಲೀನಾ ಥರ ಇನ್ನೊಬ್ಬರ ಗಂಟಲಿಗೆ ಕೈ ಹಾಕಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಭಾಷೆ ಕಲಿತರು, ತಮ್ಮದೇ ಹಳೇ ಮೂಕಿ ಚಿತ್ರ ‘ಮಾಧುರಿ’ಯನ್ನು ಮಾತಿನ ಚಿತ್ರವಾಗಿ ಮತ್ತೆ ಮಾಡಿ ವಾಪಸ್ ಬಂದರು. 1973ರಲ್ಲಿ ಫಾಲ್ಕೆ ಪ್ರಶಸ್ತಿಯೂ ಬಂತು. ಹಾಗಾಗಿ ಅಜ್ಜಿ ಮಾತಿಗೆ ನನ್ನ ಉತ್ತರ: ಗಂಟಲು ಅಂಗಡಿಯಲ್ಲಿ ಸಿಗಲ್ಲ ನಿಜ, ಕಲಿಯೋಕಂತೂ ಆಗುತ್ತಿತ್ತು.

ಮೂಡಿಗೆರೆ ಮಳೆಹುಳು

ಇದೇ ಸುಲೋಚನಾ ನಮ್ಮ ‘ಸತಿ ಸುಲೋಚನಾ’ದಲ್ಲಿ ಇದ್ದದ್ದಾ?

ಕಡತದ ಧೂಳು

ಅಲ್ಲ ಅಲ್ಲ. ಎಲ್ಲರೂ ಇಲ್ಲೇ ಎಡವುತ್ತಾರೆ. ‘ಸತಿ ಸುಲೋಚನಾ’ ಕನ್ನಡದ ಮೊದಲ ಟಾಕಿ, 1934ರ ಮಾರ್ಚ್ 3ಕ್ಕೆ ಬಂತು. ನಿರ್ದೇಶನ ವೈ.ವಿ. ರಾವ್. ಸುಲೋಚನಾ ಅಲ್ಲಿ ಪಾತ್ರದ ಹೆಸರು, ಇಂದ್ರಜಿತುವಿನ ಹೆಂಡತಿ. ಮಾಡಿದ್ದು ತ್ರಿಪುರಾಂಬ. ನಮ್ಮಲ್ಲಿ ಆಗ ಸ್ಟುಡಿಯೋ ಇರಲಿಲ್ಲ, ಕೊಲ್ಲಾಪುರಕ್ಕೆ ಹೋಗಿ ತೆಗೆದರು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಎಲ್ಲ ನಾಟಕ ಕಂಪನಿಯಲ್ಲಿ ಪಳಗಿದವರು. ಮೈಕ್ ಇಲ್ಲದೆ ಕೊನೆ ಸಾಲಿಗೆ ಕೇಳಿಸಿದ ಗಂಟಲು. ಅವರಿಗೆ ಲೀನಾಳ ಕಷ್ಟ ಬರಲೇ ಇಲ್ಲ.

ಕಂಬಳಿ ಕೊಪ್ಪೆ (ಸಕಲೇಶಪುರ)

ಎಲ್ಲರೂ ಮೈಕ್ ಮೈಕ್ ಅಂತಿದ್ದೀರಿ. ಮಳೆ ಬಗ್ಗೆ ಯಾರೂ ಮಾತಾಡಲಿಲ್ಲ!

ನಮ್ಮ ತೋಟಕ್ಕೆ ಒಂದು ವರ್ಷ ಆಷಾಢದಲ್ಲಿ ಶೂಟಿಂಗ್ ಬಂತು. ಮಳೆ ಹಾಡು. ಹೊರಗೆ ಧೋ ಅಂತ ಸುರಿಯುತ್ತಿದೆ, ಜಿಗಣೆ ಕಾಲಿಗೆ ಹತ್ತುತ್ತಿದೆ. ಅವರು ಎರಡು ಟ್ಯಾಂಕರ್ ನೀರು, ಪೈಪು, ಸ್ಪ್ರಿಂಕ್ಲರ್ ಎಲ್ಲ ತಂದಿದ್ದಾರೆ. ನಮ್ಮಪ್ಪ ಕೊಪ್ಪೆ ಹೊದ್ದು ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ, “ಅಲ್ಲಾ ಸ್ವಾಮಿ, ಸಮುದ್ರಕ್ಕೆ ಉಪ್ಪು ಹೊತ್ತುಕೊಂಡು ಬಂದಿದ್ದೀರಲ್ಲ?” ಅಂದರು. ಅವನು, ನಿಮ್ಮ ಮಳೆ ಕ್ಯಾಮೆರಾದಲ್ಲಿ ಕಾಣಲ್ಲ ಯಜಮಾನ್ರೇ ಅಂದ.

ಅಪ್ಪನಿಗೆ ಅವಮಾನ ಆಯಿತು. ಇಡೀ ಘಾಟ್ ರಸ್ತೆ ಕೊಚ್ಚಿಕೊಂಡು ಹೋಗುವ ಮಳೆ ಕಾಣಲ್ವಂತೆ!

ಆಮೇಲೆ ಗೊತ್ತಾಯಿತು, ಅವನು ಹೇಳಿದ್ದು ನಿಜ. ಹಿಂದಿನಿಂದ ಬೆಳಕು ಬಿಟ್ಟರೆ ಮಾತ್ರ ಹನಿ ಮಿನುಗುತ್ತದೆ. ಮುಂದಿನಿಂದ ಬಿಟ್ಟರೆ ಬರೀ ಮಂಜು. ಈ ಸಿನಿಮಾದಲ್ಲೂ ಅಷ್ಟೇ. ನೀರಿಗೆ ಹಾಲು ಬೆರೆಸಿದ್ದರು ಅಂತ ಒಂದು ಕತೆ ಓಡಾಡುತ್ತದೆ, ಅದು ಸುಳ್ಳು. ಹಿಂದಿನ ಬೆಳಕಿನ ಕೆಲಸ ಅದು. ರಾತ್ರಿ ಅಂತ ಕಾಣುತ್ತದಲ್ಲ, ಅದೂ ಹಗಲೇ. ಬೀದಿಗೆ ಬೀದಿಯೇ ಟಾರ್ಪಾಲು ಹೊದಿಸಿ ಕತ್ತಲೆ ಮಾಡಿದ್ದರು. ಡಾನ್ ಪಾತ್ರ ಮಾಡಿದ ಜೀನ್ ಕೆಲ್ಲಿಗೆ ಆವಾಗ 103 ಡಿಗ್ರಿ ಜ್ವರ. ಅಷ್ಟು ಖುಷಿಯಾಗಿ ಕೊಡೆ ತಿರುಗಿಸಿಕೊಂಡು ನೀರಲ್ಲಿ ಧುಮುಕುವವನ ಮೈ ಕಾದ ಹಂಚು.

ನಮ್ಮಲ್ಲಿ ಬಂದಿದ್ದ ನಾಯಕಿಗೆ ಮೂರನೇ ಟೇಕಿಗೇ ನೆಗಡಿ. ನಮ್ಮಮ್ಮ ಮೆಣಸಿನ ಕಷಾಯ ಕೊಟ್ಟರು. ಟ್ಯಾಂಕರ್ ನೀರು ಖಾಲಿ ಆದಾಗ ನಮ್ಮ ಕೆರೆಯಿಂದಲೇ ತುಂಬಿಕೊಂಡರು, ಅದರ ದುಡ್ಡು ಇವತ್ತಿನವರೆಗೂ ಬಂದಿಲ್ಲ. ಬಿಡಿ.

ಅಡ್ಲಿಮನೆ ಹುಡುಗಿ

‘ಸಮುದ್ರಕ್ಕೆ ಉಪ್ಪು’ ಕೇಳಿ ಅಜ್ಜಿ ಇನ್ನೂ ನಗುತ್ತಿದ್ದಾಳೆ. ನಿಮ್ಮಪ್ಪನಿಗೆ ನಮಸ್ಕಾರ ಹೇಳಬೇಕಂತೆ.

ಗಾಂಧಿನಗರ ರಿಟರ್ನ್ (ಅರಸೀಕೆರೆ)

ನಾಲ್ಕು ವರ್ಷ ಬೆಂಗಳೂರಲ್ಲಿ ಕತೆ ಹಿಡಿದು ಓಡಾಡಿ ವಾಪಸ್ ಬಂದವನು ನಾನು. ಈಗ ಕೊಬ್ಬರಿ ವ್ಯಾಪಾರ. ಈ ಸಿನಿಮಾದಲ್ಲಿ ನನಗೆ ಒಂದೇ ಒಂದು ಮಾತು ಸಾಕು.

ಕೊನೆ ಕಡೆ ಸುಮಾರು 13 ನಿಮಿಷದ ಉದ್ದ ಕುಣಿತ ಬರುತ್ತದಲ್ಲ, ಬಣ್ಣ ಬಣ್ಣದ ಸೆಟ್ಟು, ನೂರಾರು ಜನ. ಅದು ಕತೆಯೊಳಗೆ ಏನು ಹೇಳಿ? ಡಾನ್ ತನ್ನ ನಿರ್ಮಾಪಕನಿಗೆ “ಹೀಗೆ ಮಾಡೋಣ ಅಂತಿದ್ದೀನಿ ಸಾರ್” ಅಂತ ವಿವರಿಸುತ್ತಿರುವುದು. ನಾವು ಪೂರ್ತಿ ನೋಡಿ ಮುಗಿಸುತ್ತೇವೆ. ಆಮೇಲೆ ನಿರ್ಮಾಪಕ, ನನಗೆ ಸರಿಯಾಗಿ ಕಣ್ಣಿಗೆ ಕಟ್ಟುತ್ತಿಲ್ಲ, ಫಿಲ್ಮ್ ಮೇಲೆ ನೋಡಿದ ಮೇಲೆ ಹೇಳುತ್ತೇನೆ ಅನ್ನುತ್ತಾನೆ.

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಒಬ್ಬ ನಿರ್ಮಾಪಕರಿಗೆ ನಾನು ಎರಡೂವರೆ ಗಂಟೆ ಕತೆ ಹೇಳಿದ್ದೇನೆ. ಫೈಟಿಗೆ ಕುರ್ಚಿ ಮೇಲಿಂದ ಹಾರಿದ್ದೇನೆ, ತಾಯಿ ಸೆಂಟಿಮೆಂಟಿಗೆ ನಿಜವಾಗಿ ಅತ್ತಿದ್ದೇನೆ. ಅವರು ಅಷ್ಟೂ ಹೊತ್ತು ಚಕ್ಕುಲಿ ತಿಂದರು. ಮುಗಿದ ಮೇಲೆ ಬೆರಳು ಒರೆಸಿಕೊಂಡು ಕೇಳಿದರು: “ಎಲ್ಲಾ ಸರಿ. ಇದರಲ್ಲಿ ಕತೆ ಏನು?”

ಮೂಡಿಗೆರೆ ಮಳೆಹುಳು

ಆ ಕುಣಿತ ಬೇಕಿರಲಿಲ್ಲ ಅಂತ ನನ್ನ ಅಭಿಪ್ರಾಯ. ಕತೆಗೂ ಅದಕ್ಕೂ ಎಲ್ಲಿಯ ಸಂಬಂಧ? ಇಡೀ ಸಿನಿಮಾ ಹುಟ್ಟಿದ್ದೇ ಹಾಗೆ. ನಿರ್ಮಾಪಕ ಆರ್ಥರ್ ಫ್ರೀಡ್ ಮೊದಲು ಹಾಡು ಬರೆಯುತ್ತಿದ್ದವರು. ತಾವು ನೇಸಿಯೋ ಹರ್ಬ್ ಬ್ರೌನ್ ಜೊತೆ ಮಾಡಿದ್ದ ಹಳೇ ಹಾಡುಗಳನ್ನೆಲ್ಲ ಪೋಣಿಸಿ ಒಂದು ಸಿನಿಮಾ ಮಾಡಿ ಅಂದರು. ಬರೆಯಲು ಕೂತ ಕಾಮ್ಡೆನ್ ಮತ್ತು ಗ್ರೀನ್, ಈ ಹಾಡುಗಳು ಟಾಕಿ ಶುರುವಾದ ಕಾಲದವು, ಕತೆಯನ್ನೂ ಅಲ್ಲೇ ಇಡೋಣ ಅಂದುಕೊಂಡರು. ಸೆಟ್ ಹಾಗೇ ಉಳಿದಿದೆ ಅಂತ ಇನ್ನೊಂದು ಸಿನಿಮಾ ತೆಗೆಯುವವರ ಲೆಕ್ಕ. ಅದರಿಂದ ಇಂಥದ್ದು ಹುಟ್ಟಿತು ನೋಡಿ.

ಬಿಎಂ ರೋಡ್ ಬಸವ

ನಿನ್ನೆ ರಾತ್ರಿ ನೋಡಿದೆ. ಕುಣಿತಕ್ಕೆ ಸ್ವಲ್ಪ ನಿದ್ದೆ. ಉಳಿದದ್ದು ಸೂಪರ್. ಒಂದು ಡೌಟು. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅಂತ ದೊಡ್ಡ ಹೋರಾಟ ಆಗಿತ್ತಲ್ಲ, ಅಂದಮೇಲೆ ಕ್ಯಾಥಿ ಮಾಡಿದ್ದೂ ತಪ್ಪೇ ಅಲ್ವಾ?

ಕಡತದ ಧೂಳು

ಅದೇ ಬೇರೆ, ಇದೇ ಬೇರೆ ಬಸವಣ್ಣ. ಹೋರಾಟ ಆಗಿದ್ದು ಬೇರೆ ಭಾಷೆ ಸಿನಿಮಾಗಳನ್ನು ಕನ್ನಡಕ್ಕೆ ಡಬ್ ಮಾಡಿ ತರುವುದರ ವಿರುದ್ಧ. ಕಾಗದದ ಮೇಲೆ ಕಾನೂನು ಇಲ್ಲದೇ ದಶಕಗಟ್ಟಲೆ ನಡೆಯಿತು. 2015ರಲ್ಲಿ ಸ್ಪರ್ಧಾ ಆಯೋಗ ಅದು ಸರಿಯಲ್ಲ ಅಂತ ಆದೇಶ ಕೊಟ್ಟಿತು. ಕನ್ನಡ ಸಿನಿಮಾದೊಳಗೇ ಒಬ್ಬರಿಗೆ ಇನ್ನೊಬ್ಬರು ದನಿ ಕೊಡುವುದು ಮುಂಚಿನಿಂದ ಇದ್ದದ್ದೇ.

ಅಷ್ಟೇಕೆ, ರಾಜ್‌ಕುಮಾರ್ ಅವರನ್ನೇ ತಗೊಳ್ಳಿ. ಗುಬ್ಬಿ ಕಂಪನಿಯಲ್ಲಿ ಹಾಡಿಕೊಂಡು ಬೆಳೆದವರು. ಆದರೆ ಸಿನಿಮಾದಲ್ಲಿ ವರ್ಷಗಟ್ಟಲೆ ಅವರ ಹಾಡೆಲ್ಲ ಪಿ.ಬಿ. ಶ್ರೀನಿವಾಸ್. ಜನಕ್ಕೆ ಅದು ಒಂದೇ ಗಂಟಲು ಅನ್ನುವಷ್ಟು ಒಗ್ಗಿಹೋಗಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಅವರೇ ಹಾಡಿದರು. ಆಮೇಲೆ ಹಾಡುತ್ತಲೇ ಹೋದರು, ‘ಜೀವನ ಚೈತ್ರ’ದ ಹಾಡಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅದಕ್ಕೂ ಮುಂಚೆ ಪಿಬಿಎಸ್ ಹಾಡುತ್ತಿದ್ದರು ಅಂತ ಯಾರಾದರೂ ಮೋಸ ಹೋದ ಹಾಗೆ ಅಂದುಕೊಂಡರಾ? ಇಲ್ಲ. ಪಿಬಿಎಸ್ ಹೆಸರು ಟೈಟಲ್‌ನಲ್ಲೂ ಇತ್ತು, ರೇಡಿಯೋದಲ್ಲೂ ಇತ್ತು, ಜನರ ಬಾಯಲ್ಲೂ ಇತ್ತು. ಅಲ್ಲಿ ಎಳೆಯೋದಕ್ಕೆ ಪರದೆಯೇ ಇರಲಿಲ್ಲ.

ದನಿ ಮಾತ್ರ (ಚಿಕ್ಕಮಗಳೂರು)

ನಾನು ಇಲ್ಲಿ ಓದುತ್ತೇನೆ ಅಷ್ಟೇ, ಬರೆಯುವುದಿಲ್ಲ. ಕಡತದವರು ಹೇಳಿದ್ದು ಹಾಡಿನವರ ಮಾತು. ಮಾತಿನವರದ್ದು ಬೇರೆ. ನಾನು ಆರು ವರ್ಷ ಬೆಂಗಳೂರಲ್ಲಿ ಡಬ್ಬಿಂಗ್ ಮಾಡಿದ್ದೇನೆ. ಈಗ ವಾಪಸ್ ಬಂದು ಐಜಿ ರೋಡ್ ಹತ್ತಿರ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ.

ಡಬ್ಬಿಂಗ್ ಕೋಣೆ ಅಂದರೆ ಚಿಕ್ಕ ಕೋಣೆ. ಕಿಟಕಿ ಇಲ್ಲ, ಗೋಡೆಗೆಲ್ಲ ಬಟ್ಟೆ. ಫ್ಯಾನ್ ಹಾಕುವ ಹಾಗಿಲ್ಲ. ಗಾಜಿನ ಬಳೆ ಹಾಕಿಕೊಂಡು ಹೋಗಬಾರದು. ಹಸಿದುಕೊಂಡೂ ಹೋಗಬಾರದು, ಹೊಟ್ಟೆ ಗುರ್ ಅಂದರೆ ಅದೂ ಬೀಳುತ್ತದೆ. ಲೀನಾ ಮುತ್ತಿನ ಸರ ಉಜ್ಜಿದ ಸದ್ದು ಥಿಯೇಟರ್ ತುಂಬಾ ಕೇಳುತ್ತದಲ್ಲ, ನನಗೆ ನನ್ನ ಮೊದಲನೇ ದಿನದ ಬಳೆ ನೆನಪಾಯಿತು.

ಹೆಡ್‌ಫೋನ್‌ನಲ್ಲಿ ಪೈಲಟ್ ಟ್ರ್ಯಾಕ್ ಹಾಕುತ್ತಾರೆ. ಅಂದರೆ ಶೂಟಿಂಗ್ ದಿನ ನಾಯಕಿ ಆಡಿದ ಮಾತು. ಒಂದು ಸಿನಿಮಾದ ನಾಯಕಿಗೆ ಕನ್ನಡ ಬರುತ್ತಿರಲಿಲ್ಲ. ಅಪ್ಪ ಸಾಯುವ ದೃಶ್ಯ. ಕಣ್ಣಲ್ಲಿ ಧಾರಾಕಾರ ನೀರು, ಮುಖದಲ್ಲಿ ನಿಜವಾದ ಸಂಕಟ, ಬಾಯಲ್ಲಿ ‘ಒನ್ ಟು ತ್ರೀ ಫೋರ್’. ಅದರ ಮೇಲೆ ನಾನು ‘ಅಪ್ಪಾ, ನನ್ನ ಬಿಟ್ಟು ಹೋಗಬೇಡಿ’ ಅನ್ನೋದನ್ನು ಕೂರಿಸಬೇಕು. ಪ, ಬ, ಮ ಬಂದರೆ ತುಟಿ ಎರಡೂ ಅಂಟಬೇಕು. ಇಂಗ್ಲಿಷ್‌ನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ ನೋಡಿ, ತುಟಿ ಒಂದು ಸಲವೂ ಅಂಟುವುದಿಲ್ಲ. ‘ಅಪ್ಪಾ’ ಎಲ್ಲಿ ಹಾಕೋದು? ಒಂದು ಗಂಟೆ ಒದ್ದಾಡಿದೆವು. ಕೊನೆಗೆ ಅವಳು ಬೆನ್ನು ತಿರುಗಿಸಿದ ಶಾಟ್‌ನಲ್ಲಿ ‘ಅಪ್ಪಾ’ ಅಂತ ಕೂಗಿಸಿದೆವು. ಸಿನಿಮಾ ಬಂದ ಮೇಲೆ ಒಬ್ಬರು ಬರೆದಿದ್ದರು, ಬೆನ್ನು ತಿರುಗಿಸಿ ಅಪ್ಪನನ್ನು ಕರೆಯುವ ಜಾಗ ನಿರ್ದೇಶಕರ ಕಲ್ಪನೆಯ ಎತ್ತರ ತೋರಿಸುತ್ತದೆ ಅಂತ.

ಆ ಸಿನಿಮಾ ನಮ್ಮೂರಿಗೆ ಬಂದಾಗ ಅಮ್ಮನನ್ನು ಕರೆದುಕೊಂಡು ಹೋದೆ. ಕೊನೆಯಲ್ಲಿ ಹೆಸರು ಓಡುವವರೆಗೂ ಕೂತಿದ್ದೆವು. ಊಟದವರ ಹೆಸರು ಬಂತು, ಜನರೇಟರ್ ಗಾಡಿಯವರ ಹೆಸರು ಬಂತು. ನನ್ನದು ಬರಲಿಲ್ಲ. ಕಸ ಗುಡಿಸುವವನು ಪೊರಕೆ ಹಿಡಿದು ನಾವು ಏಳಲಿ ಅಂತ ಕಾಯುತ್ತಿದ್ದ. “ಬೇಗ ಬೇಗ ಓಡಿಸಿಬಿಟ್ರು ಕಣೇ, ನನ್ನ ಕಣ್ಣಿಗೆ ಸಿಗಲಿಲ್ಲ” ಅಂದರು ಅಮ್ಮ.

ನಾಯಕಿ ಮೇಲೆ ನನಗೆ ಕೋಪ ಇಲ್ಲ. ಒಳ್ಳೆಯವಳು, ಒಂದು ದಿನ ಡಬ್ಬಿಂಗ್ ನೋಡಲು ಬಂದು ನನ್ನ ಕೈ ಹಿಡಿದುಕೊಂಡಿದ್ದಳು. ಲೀನಾ ಮೇಲೂ ಅಷ್ಟು ಕೋಪ ಬರಲಿಲ್ಲ. ಕೋಪ ಬಂದಿದ್ದು ಡಾನ್ ಮೇಲೆ. ಪರದೆ ಎಳೆಯುವ ಉಪಾಯ ಅವನಿಗೆ ಗೊತ್ತು, ಗೆಳೆಯನಿಗೆ ಗೊತ್ತು, ಮಾಲೀಕನಿಗೆ ಗೊತ್ತು. ಕ್ಯಾಥಿಗೆ ಹೇಳಲೇ ಇಲ್ಲ. ನೀನು ಹಾಡಲೇಬೇಕು ಅಂತ ಗದರಿಸುತ್ತಾನೆ. ಅವಳು, ಹಾಡ್ತೀನಿ, ಆದರೆ ಇನ್ನು ನಿನ್ನ ಮುಖ ನೋಡಲ್ಲ ಅಂತ ಅಳುತ್ತಾ ಮೈಕ್ ಮುಂದೆ ನಿಲ್ಲುತ್ತಾಳೆ. ಪರದೆ ಎದ್ದಾಗ ಲೀನಾ ಒಬ್ಬಳೇ ಬೆಚ್ಚಿಬೀಳಲಿಲ್ಲ, ಕ್ಯಾಥಿಯೂ ಬೆಚ್ಚಿ ಓಡಿದಳು. ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ದನಿಯವಳನ್ನು ಯಾರೂ ಕೇಳುವುದಿಲ್ಲ. ಪ್ರೀತಿಸುವವನೂ ಕೇಳಲಿಲ್ಲ.

ಮೂಡಿಗೆರೆ ಮಳೆಹುಳು

ಹೇಳಿಬಿಟ್ಟರೆ ಮಜಾ ಎಲ್ಲಿರುತ್ತಿತ್ತು ಮೇಡಂ? ಪ್ರೇಮಕತೆಯಲ್ಲಿ ಕೊನೆಗೆ ಒಂದು ತಪ್ಪು ತಿಳಿವಳಿಕೆ ಬೇಕೇ ಬೇಕು. ಆದರೆ ಹತ್ತು ಸಲ ನೋಡಿದ್ದೇನೆ, ಕ್ಯಾಥಿ ಕಡೆಯಿಂದ ಆ ದೃಶ್ಯ ಒಂದು ಸಲವೂ ನೋಡಿರಲಿಲ್ಲ. ಅದನ್ನು ಒಪ್ಪುತ್ತೇನೆ.

ಕಡತದ ಧೂಳು

ದನಿ ಮೇಡಂ, ನಿಮಗೊಂದು ವಿಷಯ ಹೇಳಬೇಕು, ಕೂತುಕೊಂಡು ಓದಿ.

ಕ್ಯಾಥಿಯಾಗಿ ಮಾಡಿದ್ದು ಡೆಬ್ಬಿ ರೆನಾಲ್ಡ್ಸ್. ಆಗ 19 ವರ್ಷ, ಕುಣಿತ ಕಲಿತವರಲ್ಲ. ಒಂದು ಹಾಡಿಗೆ ಬೆಳಗ್ಗೆಯಿಂದ ರಾತ್ರಿವರೆಗೂ ಕುಣಿಸಿ ಕಾಲಲ್ಲಿ ರಕ್ತ ಬಂದಿತ್ತು. ಇರಲಿ. ಕ್ಯಾಥಿ ಲೀನಾಗೋಸ್ಕರ ಮೈಕ್ ಮುಂದೆ ನಿಂತು ‘ವುಡ್ ಯೂ’ ಹಾಡುತ್ತಾಳಲ್ಲ, ಆ ದನಿ ಡೆಬ್ಬಿಯದಲ್ಲ. ಬೆಟ್ಟಿ ನಾಯ್ಸ್ ಅನ್ನುವ ಗಾಯಕಿಯದು. ಇನ್ನು ಕ್ಯಾಥಿ ಲೀನಾಳ ಮಾತುಗಳಿಗೆ ಡಬ್ ಮಾಡುವ ದೃಶ್ಯ ಇದೆಯಲ್ಲ? ಅಲ್ಲಿ ಕೇಳುವುದು ಜೀನ್ ಹ್ಯಾಗನ್ ದನಿ. ಅಂದರೆ ಲೀನಾ ಪಾತ್ರ ಮಾಡಿದಾಕೆಯ ಸ್ವಂತ ದನಿ! ಆಕೆಯ ನಿಜವಾದ ಕಂಠ ಅಷ್ಟು ಚೆನ್ನಾಗಿತ್ತು. ಬಾವಿ ರಾಟೆ ಬರೀ ನಟನೆ.

ಒಟ್ಟಿನಲ್ಲಿ ಲೀನಾಗೆ ಕ್ಯಾಥಿ ದನಿ ಕೊಟ್ಟಳು ಅಂತ ಕತೆ. ಕ್ಯಾಥಿಗೆ ಲೀನಾ ದನಿ ಕೊಟ್ಟಳು ಅನ್ನೋದು ನಿಜ. ಬೆಟ್ಟಿ ನಾಯ್ಸ್ ಹೆಸರು ಟೈಟಲ್‌ನಲ್ಲಿ ಇಲ್ಲ. ಯಾರ ದನಿ ಅಂತ ಪರದೆ ಎಳೆದು ತೋರಿಸುವ ಸಿನಿಮಾ, ತನ್ನ ಪರದೆ ಮಾತ್ರ ಎಳೆಯಲಿಲ್ಲ. ಆ ವರ್ಷ ಸಿನಿಮಾಗೆ ಬಂದದ್ದು ಎರಡೇ ಆಸ್ಕರ್ ನಾಮನಿರ್ದೇಶನ, ಅದರಲ್ಲಿ ಒಂದು ಹ್ಯಾಗನ್‌ಗೆ.

ದನಿ ಮಾತ್ರ

ಎರಡು ಸಲ ಓದಿದೆ. ನಗಬೇಕೋ ಬಿಡಬೇಕೋ ಗೊತ್ತಾಗಲಿಲ್ಲ, ನಕ್ಕೆ. ಟ್ಯೂಷನ್ ಹುಡುಗರು ಏನಾಯ್ತು ಮಿಸ್ ಅಂತ ಕೇಳಿದರು.

ಗಾಂಧಿನಗರ ರಿಟರ್ನ್

ಯಾರಾದರೂ ಇದನ್ನೇ ಸಿನಿಮಾ ಮಾಡಬೇಕು. ಎರಡೂವರೆ ಗಂಟೆ ಕತೆ ನಾನು ಹೇಳುತ್ತೇನೆ. ಚಕ್ಕುಲಿ ನೀವೇ ತನ್ನಿ.

ಅಡ್ಲಿಮನೆ ಹುಡುಗಿ

ಇವತ್ತು ಕರೆಂಟ್ ಇತ್ತು. ಆದರೂ ಅಜ್ಜಿ ಧಾರಾವಾಹಿ ಬಿಟ್ಟು, ಆ ಹಾಡು ಇನ್ನೊಂದು ಸಲ ಹಾಕು ಅಂದಳು. ಹಾಕುವ ಮುಂಚೆ ಮೇಲಿನದ್ದೆಲ್ಲ ಹೇಳಿದೆ. ಇದು ಅವಳಲ್ಲ, ಇವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು ಅಂತ. ಅಜ್ಜಿ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ, “ಹಂಗಾದ್ರೆ ನಾನು ಬೈದಿದ್ದು ಯಾರಿಗೆ?” ಅಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಡಾನ್‌ಗೆ ಅಂತ ಇಟ್ಟುಕೊಳ್ಳೋಣ ಅಂದೆ. ಒಪ್ಪಿದಳು. ದನಿ ಅಕ್ಕನ ಆ ಸಿನಿಮಾ ಹೆಸರು ಕೇಳಿ ತಿಳಿಸು, ಬೆನ್ನು ತಿರುಗಿಸಿದ ‘ಅಪ್ಪಾ’ ಕೇಳಬೇಕು ಅಂತಲೂ ಹೇಳಿದ್ದಾಳೆ. ಇಲ್ಲಿ ಬೇಡ, ನನಗೆ ಮೆಸೇಜ್ ಮಾಡಿ ಅಕ್ಕ.

ರೀಲು ಡಬ್ಬ

ನನ್ನ ಹತ್ತಿರ ಹಳೇ 35 ಎಂಎಂ ತುಂಡು ಫಿಲ್ಮ್ ಒಂದು ಡಬ್ಬ ಇದೆ. ಧ್ವನಿಯ ಗೆರೆ ಹೇಗಿರುತ್ತದೆ ಅಂತ ಬೆಳಕಿಗೆ ಹಿಡಿದರೆ ಕಾಣುತ್ತದೆ, ಅಂಚಿನಲ್ಲಿ ಅಂಕುಡೊಂಕು. ಮಾತಾಡಿದರೆ ಒಂದು ಥರ, ಸುಮ್ಮನಿದ್ದರೆ ನೇರ. ನೋಡಬೇಕು ಅನ್ನುವವರು ಭಾನುವಾರ ಮಹಾರಾಜ ಪಾರ್ಕ್ ಹತ್ತಿರ ಸಿಗಿ, ಡಬ್ಬ ತರುತ್ತೇನೆ. ಅಜ್ಜಿಯನ್ನೂ ಕರೆತನ್ನಿ. ಮಳೆ ಬಂದರೂ ಬನ್ನಿ, ಕೊಡೆ ಮಾತ್ರ ಮರೀಬೇಡಿ. ಫಿಲ್ಮ್ ನೆನೆಯಬಾರದು.

ಕಂಬಳಿ ಕೊಪ್ಪೆ

ಘಾಟ್ ಕಡೆ ರಸ್ತೆ ತೆರೆದಿದ್ದರೆ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಹಿಂದಿನ ಬೆಳಕಿನ ವಿಷಯದಲ್ಲಿ ಅವರಿಗೆ ಇನ್ನೂ ಒಂದಷ್ಟು ಪ್ರಶ್ನೆ ಇದೆಯಂತೆ.